ಕೋಟ್ಟಕ್ಕಲ್‌ನ ವಾರಿಯರ್ ವೈದ್ಯರು, ಕಷಾಯ, ತೈಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕೇರಳದ ಕೋಟ್ಟಕ್ಕಲ್ ಆರ್ಯವೈದ್ಯಶಾಲೆಯ ಆಯುರ್ವೇದ ವೈದ್ಯ ಪಿ.ಕೆ. ವಾರಿಯರ್ ಅವರ ಪುಟ್ಟ ಪರಿಚಯ ಪ್ರಕಟವಾಗಿತ್ತು. ಅದನ್ನೋದಿ ಬಂದ ಪತ್ರಗಳಲ್ಲಿ ಅರ್ಧದಷ್ಟು ಅವರ ಬದುಕಿನ ಬಗ್ಗೆ, ಇನ್ನರ್ಧ ಮನೆಯಲ್ಲಿರುವ ಕಷಾಯ, ತೈಲದ ಬಾಟಲಿಗಳ ಬಗ್ಗೆ. ಎರಡನ್ನೂ ಒಟ್ಟಿಗೇ ಉತ್ತರಿಸಿದ್ದೇವೆ. ಆ ವೈದ್ಯರ ಕೆಲಸ ಏನೆಂದು ತಿಳಿಯಬೇಕಾದರೆ ಕಷಾಯ ಹೇಗೆ ಕಾಯುತ್ತದೆ, ಎಣ್ಣೆ ಹೇಗೆ ಪಾಕಕ್ಕೆ ಬರುತ್ತದೆ ಎಂಬುದು ತಿಳಿದಿರಬೇಕು.

ಪಿ.ಎಸ್. ವಾರಿಯರ್, ಪಿ.ಎಂ. ವಾರಿಯರ್, ಪಿ.ಕೆ. ವಾರಿಯರ್: ಒಬ್ಬರೇನಾ, ಮೂವರಾ? ಕೊಯಮತ್ತೂರಿನ ಆರ್ಯವೈದ್ಯ ಫಾರ್ಮಸಿಯೂ ಇವರದ್ದೇ?
(ದಾವಣಗೆರೆಯ ಓದುಗರು)

ಮೂವರು. ‘ವಾರಿಯರ್’ ಎಂಬುದು ಸಮುದಾಯದ ಹೆಸರು. ದೇವಸ್ಥಾನಗಳಲ್ಲಿ ಹೂಮಾಲೆ ಕಟ್ಟುವುದೇ ಮೊದಲಾದ ಸೇವೆಗಳು ಈ ಸಮುದಾಯಕ್ಕೆ ಪರಂಪರೆಯಿಂದ ಬಂದವು. ಹೆಸರಿನ ಮೊದಲ ‘ಪಿ’ ಪನ್ನಿಯಿಂಪಳ್ಳಿ ಎಂಬ ಮನೆತನದ್ದು, ಹಾಗಾಗಿ ಮೂವರಿಗೂ ಅದು ಸಮಾನ. ಎರಡನೇ ಅಕ್ಷರ ನೋಡಿದರೆ ಯಾರೆಂದು ತಿಳಿಯುತ್ತದೆ: ಎಸ್ ಅಂದರೆ ಶಂಕುಣ್ಣಿ, ಎಂ ಅಂದರೆ ಮಾಧವ, ಕೆ ಅಂದರೆ ಕೃಷ್ಣನ್‌ಕುಟ್ಟಿ.

ಸಂಸ್ಥಾಪಕರು ಪಿ.ಎಸ್. ವಾರಿಯರ್ (1869–1944). ಅಷ್ಟವೈದ್ಯ (ಕೇರಳದ ಪಾರಂಪರಿಕ ಆಯುರ್ವೇದ ವೈದ್ಯರ) ಮನೆತನದ ಕುಟ್ಟಂಚೇರಿ ವಾಸುದೇವನ್ ಮೂಸ್ ಅವರಲ್ಲಿ ಗುರುಕುಲ ಕ್ರಮದಲ್ಲಿ ಕಲಿತು, 1902ರ ಅಕ್ಟೋಬರ್ 12ರಂದು ಕೋಟ್ಟಕ್ಕಲ್‌ನಲ್ಲಿ ಆರ್ಯವೈದ್ಯಶಾಲೆ ಶುರು ಮಾಡಿದರು. ಆಗ ಆ ಊರು ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು, ಈಗ ಮಲಪ್ಪುರಂ ಜಿಲ್ಲೆಯಲ್ಲಿದೆ. ಅವರು ತೀರಿಕೊಂಡ ಮೇಲೆ ಆಡಳಿತ ಪಿ. ಮಾಧವ ವಾರಿಯರ್ ಕೈಗೆ ಬಂತು. 1953ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಹೋದಾಗ ತಮ್ಮ ಕೃಷ್ಣನ್‌ಕುಟ್ಟಿ, ಅಂದರೆ ನೀವು ಓದಿದ ಪಿ.ಕೆ. ವಾರಿಯರ್, ಹೊಣೆ ಹೊತ್ತರು. 1921ರ ಜೂನ್ 5ರಂದು ಹುಟ್ಟಿದ ಅವರು 2021ರ ಜುಲೈ 10ರಂದು, ನೂರು ತುಂಬಿ ಒಂದು ತಿಂಗಳು ಕಳೆದ ಮೇಲೆ ಕಾಲವಾದರು. ಪದ್ಮಶ್ರೀ 1999ರಲ್ಲಿ, ಪದ್ಮಭೂಷಣ 2010ರಲ್ಲಿ ಬಂತು.

ಕೊಯಮತ್ತೂರಿನದು ಬೇರೆ ಸಂಸ್ಥೆ. ಅದನ್ನು 1943ರಲ್ಲಿ ಕಟ್ಟಿದವರು ಪಿ.ವಿ. ರಾಮ ವಾರಿಯರ್. ಹೆಸರು ಹತ್ತಿರ ಹತ್ತಿರ ಇರುವುದರಿಂದ ಔಷಧಿ ಅಂಗಡಿಗಳಲ್ಲೂ ಗೊಂದಲವಾಗುತ್ತದೆ. ಚೀಟಿಯಲ್ಲಿ ವೈದ್ಯರು ಯಾವ ಸಂಸ್ಥೆಯದೆಂದು ಬರೆದಿದ್ದರೆ ಅದನ್ನೇ ಕೇಳಿ ತೆಗೆದುಕೊಳ್ಳಿ. ಒಂದೇ ಹೆಸರಿನ ಯೋಗದಲ್ಲೂ (ಹಲವು ದ್ರವ್ಯ ಸೇರಿಸಿ ಮಾಡಿದ ಔಷಧಿಯಲ್ಲೂ) ಸಾಂದ್ರತೆ, ಮಾತ್ರೆಯ ತೂಕ ಬೇರೆ ಬೇರೆ ಇರುತ್ತವೆ.

ಪಿ.ಕೆ. ವಾರಿಯರ್ ಹುಟ್ಟುವ ಮೊದಲೇ ವೈದ್ಯಶಾಲೆ ಇತ್ತು. ಹಾಗಿದ್ದರೆ ಅವರು ಮಾಡಿದ್ದೇನು?
(ಧಾರವಾಡದ ಓದುಗರು)

ನ್ಯಾಯವಾದ ಪ್ರಶ್ನೆ. ಹೊಸ ಯೋಗ ಕಂಡುಹಿಡಿದವರೆಂದೋ ಹೊಸ ಸಿದ್ಧಾಂತ ಹೇಳಿದವರೆಂದೋ ಅವರನ್ನು ಹೊಗಳಿದರೆ ತಪ್ಪಾಗುತ್ತದೆ. ವೈದ್ಯನ ಕಣ್ಣು, ಮೂಗು, ಬೆರಳು ಗುರುತಿಸುತ್ತಿದ್ದುದನ್ನು ಸಾವಿರಾರು ಲೀಟರ್ ಕುದಿಯುವ ಕಡೆಯೂ ಉಳಿಸಿಕೊಂಡದ್ದು ಅವರ ದೊಡ್ಡ ಕೆಲಸ ಎಂಬುದು ನಮ್ಮ ಅಭಿಪ್ರಾಯ.

ಎಂಜಿನಿಯರ್ ಆಗಬೇಕೆಂದಿದ್ದ ಹುಡುಗ ವೈದ್ಯ ವಿದ್ಯಾರ್ಥಿಯಾದರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಹೊತ್ತಿಗೆ ಓದು ಬಿಟ್ಟು ಹೋಗಿ, ಮರಳಿ ಬಂದು ‘ಆರ್ಯವೈದ್ಯನ್’ ವ್ಯಾಸಂಗ ಮುಗಿಸಿದರು. ಯಂತ್ರದ ಮೇಲಿನ ಒಲವು ಮುಂದೆ ಉಪಯೋಗಕ್ಕೆ ಬಂತೆಂದೇ ಹೇಳಬೇಕು. ಅವರ ಕಾಲದಲ್ಲಿ ತಯಾರಿಕೆ ಯಂತ್ರೀಕರಣಗೊಂಡಿತು, ಕಷಾಯಗಳು ಮಾತ್ರೆಯ ರೂಪಕ್ಕೆ ಬಂದವು. ಕೋಟ್ಟಕ್ಕಲ್ ಜೊತೆಗೆ ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ತಯಾರಿಕಾ ಘಟಕ ಬಂತು. ಸಂಸ್ಥೆಯ ಇನ್ನೊಂದು ಘಟಕ ನಮ್ಮ ನಂಜನಗೂಡಿನಲ್ಲೇ ಇದೆ. ದೆಹಲಿ, ಕೊಚ್ಚಿಗಳಲ್ಲಿ ಆಸ್ಪತ್ರೆಗಳಾದವು. ಔಷಧಿ ಸಸ್ಯಗಳ ಸಂಶೋಧನಾ ಕೇಂದ್ರ 2003ರಲ್ಲಿ ಆರಂಭವಾಯಿತು.

ಇಷ್ಟೆಲ್ಲ ಬೆಳೆದರೂ ಅದು ಮನೆತನದ ಆಸ್ತಿಯಾಗಲಿಲ್ಲ. ಸಂಸ್ಥಾಪಕರು 1939ರಲ್ಲೇ ಉಯಿಲು ಬರೆದು ಎಲ್ಲವನ್ನೂ ಟ್ರಸ್ಟಿಗೆ ಒಪ್ಪಿಸಿದ್ದರು. ಪಿ.ಕೆ. ವಾರಿಯರ್ ಸುಮಾರು 67 ವರ್ಷ ಕೂತದ್ದು ವ್ಯವಸ್ಥಾಪಕ ಟ್ರಸ್ಟಿಯ ಕುರ್ಚಿಯಲ್ಲಿ. ಧರ್ಮಾಸ್ಪತ್ರೆಯಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ಇಂದಿಗೂ ನಡೆಯುತ್ತಿರುವುದಕ್ಕೆ ಆ ಉಯಿಲೇ ಆಧಾರ. ವೈದ್ಯರ ಬದುಕನ್ನು ಹೇಳುವಾಗ ಪ್ರಶಸ್ತಿಗಳಿಗೆ ಕೊಡುವಷ್ಟು ಜಾಗವನ್ನು ಈ ಕಾಗದಪತ್ರಕ್ಕೆ ಯಾರೂ ಕೊಡುವುದಿಲ್ಲ, ಕೊಡಬೇಕು.

ಅಜ್ಜಿ ಮನೆಯಲ್ಲೇ ಕಷಾಯ ಕಾಯಿಸುತ್ತಿದ್ದರು. ಬಾಟಲಿಯ ಕಷಾಯ ಅದಕ್ಕೆ ಸಮವೇ? ಮನೆಯಲ್ಲಿ ಮಾಡುವುದಾದರೆ ಅಳತೆ ಏನು?
(ತೀರ್ಥಹಳ್ಳಿಯ ಓದುಗರು)

ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯ ಅಳತೆ ಸರಳವಾಗಿದೆ: ಒಂದು ಪಲ ದ್ರವ್ಯ, ಅದರ 16 ಪಟ್ಟು ನೀರು, ಎಂಟನೇ ಒಂದು ಭಾಗ ಉಳಿಯುವವರೆಗೆ ಕುದಿಸುವುದು. ಪಲ ಅಂದರೆ ಈಗಿನ ಲೆಕ್ಕದಲ್ಲಿ 48 ಗ್ರಾಂ. ನೀರು 768 ಮಿಲಿ, ಕೊನೆಗೆ ಉಳಿಯಬೇಕಾದದ್ದು 96 ಮಿಲಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಬರಿಹೊಟ್ಟೆಯಲ್ಲಿ. ಕೆಲವು ಯೋಗಗಳಿಗೆ ಕಾಲು ಭಾಗ ಉಳಿಸುವ ಕ್ರಮವಿದೆ, ಚೀಟಿಯಲ್ಲಿ ಹಾಗೆ ಬರೆದಿದ್ದರೆ ಅದನ್ನೇ ಪಾಲಿಸಬೇಕು.

ಕೆಡುವುದು ಮೂರು ಕಡೆ. ಮೊದಲನೆಯದು ಪುಡಿ. ಬೇರು, ತೊಗಟೆಗಳನ್ನು ತರಿತರಿಯಾಗಿ ಜಜ್ಜಬೇಕು. ಮಿಕ್ಸಿಯಲ್ಲಿ ಹಿಟ್ಟು ಮಾಡಿದರೆ ಗಂಜಿಯಂತೆ ಗಟ್ಟಿಯಾಗಿ ಸೋಸಲು ಬಾರದು, ತಳ ಹಿಡಿಯುತ್ತದೆ. ತುಂಡುಗಳು ದೊಡ್ಡದಾದರೆ ನೀರು ಒಳಗಿಳಿಯುವ ಮೊದಲೇ ಆವಿಯಾಗಿ ಹೋಗುತ್ತದೆ. ಎರಡನೆಯದು ಬೆಂಕಿ. ಈಗಿನ ಗ್ಯಾಸ್ ಒಲೆಯ ದೊಡ್ಡ ಉರಿಯಲ್ಲಿ 768 ಮಿಲಿ ಇಪ್ಪತ್ತು ನಿಮಿಷಕ್ಕೇ ಇಂಗಿಬಿಡುತ್ತದೆ. ಅಳತೆ ಸರಿಯಿದ್ದರೂ ಸಾರ ಬಿಟ್ಟಿರುವುದಿಲ್ಲ. ಸಣ್ಣ ಉರಿ, ಮುಚ್ಚಳ ತೆಗೆದ ಪಾತ್ರೆ, ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಹಿಂದಿನ ರಾತ್ರಿಯೇ ನೆನೆಹಾಕಿದರೆ ಗಟ್ಟಿ ಬೇರುಗಳಿಗೆ ಒಳ್ಳೆಯದು. ಮೂರನೆಯದು ಪಾತ್ರೆ. ತ್ರಿಫಲದಂಥ ಒಗರು ದ್ರವ್ಯ ಕಬ್ಬಿಣ ಮುಟ್ಟಿದರೆ ಶಾಯಿಯಂತೆ ಕಪ್ಪಾಗುತ್ತದೆ. ಹುಳಿ ಇರುವುದು ಅಲ್ಯೂಮಿನಿಯಂ ತಿನ್ನುತ್ತದೆ. ಮಣ್ಣಿನದು ಅಥವಾ ಸ್ಟೀಲಿನದು ಸಾಕು.

ಏಲಕ್ಕಿ, ದಾಲ್ಚಿನ್ನಿಯಂಥ ಪರಿಮಳದ ದ್ರವ್ಯಗಳನ್ನು ಕುದಿಸುತ್ತ ಕೂತರೆ ಗುಣವೆಲ್ಲ ಆವಿಯಲ್ಲಿ ಹೋಗುತ್ತದೆ. ಅವನ್ನು ಕೊನೆಯಲ್ಲಿ ಪುಡಿಯಾಗಿ ಸೇರಿಸುವುದು. ಜೇನುತುಪ್ಪ, ಸೈಂಧವ ಲವಣ, ಬೆಲ್ಲ ಇವನ್ನು ಕುಡಿಯುವಾಗ ಬೆರೆಸುವ ಪದ್ಧತಿ. ಇದನ್ನು ಕೇರಳದ ವೈದ್ಯರು ‘ಮೇಂಪೊಡಿ’ ಎನ್ನುತ್ತಾರೆ. ಜೇನು ಬೆರೆಸುವುದಾದರೆ ಕಷಾಯ ಆರಿರಬೇಕು.

ಹೀಗೆ ಮಾಡಿದ ಕಷಾಯದ ಆಯುಸ್ಸು ಅಂದಿನ ದಿನ ಮಾತ್ರ, ಮರುದಿನ ಹುಳಿ ವಾಸನೆ ಬರುತ್ತದೆ. 1902ಕ್ಕೆ ಮುಂಚೆ ರೋಗಿಯ ಪಾಡು ಇದೇ ಆಗಿತ್ತು: ವೈದ್ಯ ಪಟ್ಟಿ ಬರೆದುಕೊಡುವುದು, ಮನೆಯವರು ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುವುದು, ದಿನಾ ಕಾಯಿಸುವುದು. ಒಂಟಿಯಾಗಿರುವವರಿಗೆ, ಕೂಲಿಗೆ ಹೋಗುವವರಿಗೆ, ದೂರದೂರಿನವರಿಗೆ ಅದು ಆಗದ ಮಾತು. ಪಟ್ಟಿಯಲ್ಲಿ ಒಂದು ಬೇರು ಬದಲಾದರೂ ತಿಳಿಯುವಂತಿರಲಿಲ್ಲ. ಪಿ.ಎಸ್. ವಾರಿಯರ್ ಈ ಕೆಲಸವನ್ನು ರೋಗಿಯ ಅಡುಗೆಮನೆಯಿಂದ ವೈದ್ಯಶಾಲೆಗೆ ತಂದರು. ದ್ರವ್ಯ ಆರಿಸುವವನು, ಪಾಕ ನೋಡುವವನು, ಔಷಧಿ ಕೊಡುವವನು ಒಂದೇ ಸೂರಿನಡಿ ಬಂದದ್ದು ಆಗ.

ಬಾಟಲಿಯ ಕಷಾಯ ಸಮವೇ? ಮನೆಯಲ್ಲಿ ಚೆನ್ನಾಗಿ ಮಾಡಿದ ಹೊಸ ಕಷಾಯಕ್ಕಿಂತ ಅದು ಮೇಲಲ್ಲ. ಆದರೆ ಅವಸರದಲ್ಲಿ ದೊಡ್ಡ ಉರಿಯಲ್ಲಿ ಕಾಯಿಸಿದ್ದಕ್ಕಿಂತ ಖಂಡಿತ ಮೇಲು. ಅದನ್ನು ಇನ್ನೂ ಇಂಗಿಸಿ ಸಾಂದ್ರ ಮಾಡಿ, ಕೆಡದಂತೆ ಸಂರಕ್ಷಕ ಸೇರಿಸಿರುತ್ತಾರೆ. ಹಾಗಾಗಿ ಅಳತೆ ಬೇರೆ. ಮುಂದಿನ ಪ್ರಶ್ನೆ ಅದರದ್ದೇ.

ಬಾಟಲಿಯ ಕಷಾಯವನ್ನು ಹಾಗೆಯೇ ಕುಡಿದೆ, ಹೊಟ್ಟೆ ಉರಿಯಿತು. ಮಾತ್ರೆಗೆ ಬದಲಾಯಿಸಬಹುದೇ?
(ಹುಬ್ಬಳ್ಳಿಯ ಓದುಗರು)

ಸಾಂದ್ರ ಕಷಾಯವನ್ನು ನೀರು ಬೆರೆಸದೆ ಕುಡಿಯಬಾರದು. ಸಾಮಾನ್ಯ ಕ್ರಮ 15 ಮಿಲಿ ಕಷಾಯಕ್ಕೆ 45 ಮಿಲಿ ಕುದಿಸಿ ಆರಿಸಿದ ನೀರು, ಅಂದರೆ ಒಂದಕ್ಕೆ ಮೂರು. ಬಾಟಲಿ ಚೆನ್ನಾಗಿ ಕುಲುಕಬೇಕು, ತಳದ ಗಸಿಯೂ ಔಷಧವೇ. ಮೊದಲ ವಾರ ಕುಲುಕದೆ ತಿಳಿ ಕುಡಿದು, ಕೊನೆಯ ವಾರ ಗಸಿಯನ್ನೆಲ್ಲ ಒಟ್ಟಿಗೆ ಕುಡಿಯುವವರು ಬಹಳ ಮಂದಿ. ಅವರಿಗೆ ಹೊಟ್ಟೆ ಕೆಡುವುದು ಆ ಕೊನೆಯ ವಾರದಲ್ಲೇ. ಬರಿಹೊಟ್ಟೆಯಲ್ಲಿ ತೀರಾ ಆಗದವರಿಗೆ ವೈದ್ಯರು ಊಟವಾಗಿ ಒಂದು ಗಂಟೆಯ ಮೇಲೆ ಕೊಡುವುದುಂಟು.

ಮಾತ್ರೆ ಅಂದರೆ ಅದೇ ಕಷಾಯವನ್ನು ಇಂಗಿಸಿ ಒಣಗಿಸಿ ಅಚ್ಚು ಹಾಕಿದ್ದು. ಪ್ರಯಾಣಕ್ಕೆ, ಕಹಿ ತಡೆಯದವರಿಗೆ ಅನುಕೂಲ. ಎಷ್ಟು ಮಾತ್ರೆ ಎಷ್ಟು ಮಿಲಿಗೆ ಸಮ ಎಂಬುದು ಲೇಬಲ್ ಮೇಲಿರುತ್ತದೆ. ಬರಿ ನೀರಿನ ಗುಟುಕಿನಲ್ಲಿ ನುಂಗುವ ಬದಲು ಪುಡಿಮಾಡಿ ಅರ್ಧ ಲೋಟ ಬಿಸಿನೀರಿನಲ್ಲಿ ಕದಡಿ ಕುಡಿದರೆ ಕಷಾಯಕ್ಕೆ ಹತ್ತಿರವಾಗುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಪ್ರಮಾಣ ಇಮ್ಮಡಿಯಾಗುತ್ತದೆ, ಅದನ್ನು ಮರೆಯಬೇಡಿ. ಉರಿ ನಿಲ್ಲದಿದ್ದರೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಕ್ಷೀರಬಲಾ ತೈಲಕ್ಕೂ ‘ಕ್ಷೀರಬಲಾ 101’ಕ್ಕೂ ಬೆಲೆಯಲ್ಲಿ ಅಷ್ಟು ಅಂತರ ಏಕೆ? ಎಣ್ಣೆ ಸರಿಯಾಗಿ ಕಾದಿದೆ ಎಂದು ಹೇಗೆ ಗೊತ್ತಾಗುತ್ತದೆ?
(ಪುತ್ತೂರಿನ ಓದುಗರು)

ಕ್ಷೀರಬಲಾ ಅಂದರೆ ಬಲಾ ಎಂಬ ಗಿಡದ ಬೇರು, ಹಾಲು ಹಾಕಿ ಕಾಯಿಸಿದ ಎಣ್ಣೆ. 101 ಎಂಬುದು ಆವರ್ತಿಯ ಲೆಕ್ಕ. ಒಮ್ಮೆ ಪಾಕವಾಗಿ ಸೋಸಿದ ಎಣ್ಣೆಯನ್ನೇ ಹೊಸ ಕಷಾಯ, ಹೊಸ ಕಲ್ಕ (ಅರೆದ ಮೂಲಿಕೆಯ ಮುದ್ದೆ), ಹೊಸ ಹಾಲು ಹಾಕಿ ಮತ್ತೆ ಪಾಕ ಮಾಡುತ್ತಾರೆ, ಹೀಗೆ 101 ಬಾರಿ. ಪ್ರತಿ ಸಲವೂ ಕಲ್ಕ ಒಂದಷ್ಟು ಎಣ್ಣೆ ಹೀರುತ್ತದೆ, ಹಿಂಡಿದರೂ ಪೂರ್ತಿ ಬರುವುದಿಲ್ಲ. ಸೌದೆ, ಹಾಲು, ಬೇರು, ದಿನಗಳು ಎಲ್ಲವೂ ನೂರು ಪಟ್ಟಾಗಿ ಎಣ್ಣೆ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. ಬೆಲೆ ಏರುವುದಕ್ಕೆ ಕಾರಣ ಇದು. ಮೈಗೆ ಹಚ್ಚಲು ಸಾಧಾರಣ ತೈಲವೇ ಸಾಕು. ಆವರ್ತಿಯದು ಹನಿಗಳ ಲೆಕ್ಕದಲ್ಲಿ, ಒಳಗೆ ಕೊಡಲು ಅಥವಾ ಮೂಗಿಗೆ ಬಿಡಲು. ಅದನ್ನು ತಂದು ಮೊಣಕಾಲಿಗೆ ತಿಕ್ಕುವುದು ಹಣ ಪೋಲು ಮಾಡಿದಂತೆ.

ಈಗ ಪಾಕದ ವಿಷಯ. ಯೋಗದಲ್ಲಿ ಅಳತೆ ಬೇರೆ ಹೇಳಿಲ್ಲದಿದ್ದರೆ ಕಲ್ಕ ಒಂದು ಪಾಲು, ಎಣ್ಣೆ ಅಥವಾ ತುಪ್ಪ ನಾಲ್ಕು ಪಾಲು, ದ್ರವ ಹದಿನಾರು ಪಾಲು. ಒಂದು ಲೀಟರ್ ಎಳ್ಳೆಣ್ಣೆಗೆ ನಾಲ್ಕು ಲೀಟರ್ ಕಷಾಯ, ಕಾಲು ಕಿಲೋ ಕಲ್ಕ ಅಂದಂತಾಯಿತು. ಕ್ಷೀರಬಲಾದಲ್ಲಿ ಹಾಲು ಎಣ್ಣೆಯಷ್ಟೇ. ಒಂದೇ ದಿನದಲ್ಲಿ ಮುಗಿಸಬಾರದು ಎಂಬುದು ಹಳೆಯ ಕಟ್ಟಳೆ: ದ್ರವ ಹಾಲಾದರೆ ಎರಡು ರಾತ್ರಿ, ಸೊಪ್ಪಿನ ಸ್ವರಸವಾದರೆ ಮೂರು, ಮಜ್ಜಿಗೆ, ಹುಳಿಗಂಜಿಯಾದರೆ ಐದು. ಆರಿಸಿ ಮತ್ತೆ ಕಾಯಿಸುವಾಗ ಕಲ್ಕ ನೆನೆದು ಸಾರ ಬಿಡಲು ಹೊತ್ತು ಸಿಗುತ್ತದೆ.

ದ್ರವ ಇಂಗುತ್ತ ಬಂದಂತೆ ಕಣ್ಣು ಕಲ್ಕದ ಮೇಲಿರಬೇಕು. ಮೊದಲು ಅದು ಕೆಸರಿನಂತೆ ಬೆರಳಿಗೆ ಅಂಟುತ್ತದೆ, ಇದು ಮೃದು ಪಾಕ, ನಸ್ಯಕ್ಕೆ, ಅಂದರೆ ಮೂಗಿಗೆ ಬಿಡಲು. ಆಮೇಲೆ ಮೇಣದಂತಾಗಿ, ಎರಡು ಬೆರಳ ನಡುವೆ ಹೊಸೆದರೆ ಬತ್ತಿಯಾಗುತ್ತದೆ, ಬೆರಳಿಗೆ ಅಂಟುವುದಿಲ್ಲ. ಇದು ಮಧ್ಯಮ, ಬಹುಪಾಲು ಎಲ್ಲಕ್ಕೂ ಆಗುವುದು. ಇನ್ನೂ ಮುಂದೆ ಹೋದರೆ ಮರಳಿನಂತೆ ಉದುರುತ್ತದೆ. ಅದು ಖರ ಪಾಕ, ಮೈಗೆ ಹಚ್ಚುವುದಕ್ಕೆ ಮಾತ್ರ. ಮರಳು ದಾಟಿ ಕರಿಕಾದರೆ ಚೆಲ್ಲಬೇಕಷ್ಟೇ. ಮೇಣದಿಂದ ಮರಳಿಗೆ ಹೋಗಲು ಹತ್ತು ನಿಮಿಷವೂ ಬೇಡ, ದೊಡ್ಡ ಕಡಾಯಿ ಒಲೆಯಿಂದಿಳಿದ ಮೇಲೂ ತನ್ನ ಬಿಸಿಯಲ್ಲೇ ಕಾಯುತ್ತಿರುತ್ತದೆ. ಅದಕ್ಕೇ ಬೇಕಾದ ಪಾಕಕ್ಕಿಂತ ತುಸು ಮುಂಚೆಯೇ ಇಳಿಸುತ್ತಾರೆ.

ಬತ್ತಿಯನ್ನು ಬೆಂಕಿಗೆ ಹಿಡಿಯುವುದು ಇನ್ನೊಂದು ಪರೀಕ್ಷೆ. ಚಟಪಟ ಸದ್ದು ಬಂದರೆ ನೀರು ಉಳಿದಿದೆ, ಆ ಎಣ್ಣೆ ಬೇಗ ಕಮಟುತ್ತದೆ. ನೊರೆಯನ್ನೂ ನೋಡುತ್ತಾರೆ: ಎಣ್ಣೆ ಪಾಕಕ್ಕೆ ಬಂದಾಗ ನೊರೆ ಏಳುತ್ತದೆ, ತುಪ್ಪ ಪಾಕಕ್ಕೆ ಬಂದಾಗ ನೊರೆ ಇಳಿಯುತ್ತದೆ. ಉಷ್ಣಮಾಪಕ ಬಂದರೂ ಈ ಬೆರಳ ಪರೀಕ್ಷೆಯನ್ನು ಬಿಡುವಂತಿಲ್ಲ. ಒಂದೇ ಬೇರು ಮಳೆಗಾಲದಲ್ಲಿ ಒಂದಷ್ಟು, ಬೇಸಿಗೆಯಲ್ಲಿ ಇನ್ನೊಂದಷ್ಟು ತೇವ ಇಟ್ಟುಕೊಂಡಿರುತ್ತದೆ, ಗಡಿಯಾರ ನೋಡಿ ಇಳಿಸಿದರೆ ಪಾಕ ತಪ್ಪುತ್ತದೆ. ಯಂತ್ರದ ಕಡಾಯಿಯ ಪಕ್ಕದಲ್ಲೂ ಪಾಕ ಬಲ್ಲವನೊಬ್ಬ ನಿಂತಿರಬೇಕು ಎಂಬುದು ಇದರಿಂದ.

ಅರಿಷ್ಟಗಳಲ್ಲಿ ಮದ್ಯಸಾರ ಇರುತ್ತದೆಯೇ? ಸಕ್ಕರೆ ಕಾಯಿಲೆಯವರು ಕುಡಿಯಬಹುದೇ?
(ಮಂಡ್ಯದ ಓದುಗರು)

ಇರುತ್ತದೆ. ಅರಿಷ್ಟ ಅಂದರೆ ಕಷಾಯಕ್ಕೆ ಬೆಲ್ಲ ಸೇರಿಸಿ ಹುದುಗಿಸಿದ ಔಷಧಿ. ಮದ್ಯಸಾರ ಹೊರಗಿನಿಂದ ಸೇರಿಸಿದ್ದಲ್ಲ, ಹುದುಗುವಾಗ ತಾನಾಗಿ ಹುಟ್ಟಿದ್ದು. ಭಾರತದಲ್ಲಿ ಅದಕ್ಕೆ ಶೇಕಡ 12ರ ಮೇಲ್ಮಿತಿಯಿದೆ. ಅಳತೆ ಬೇರೆ ಹೇಳದ ಕಡೆ ಕ್ರಮ ಹೀಗೆ: ಒಂದು ದ್ರೋಣ ಕಷಾಯಕ್ಕೆ (12.288 ಲೀಟರ್) ಒಂದು ತುಲಾ ಬೆಲ್ಲ (4.8 ಕಿಲೋ), ಬೆಲ್ಲದ ಅರ್ಧದಷ್ಟು ಜೇನು, ಹತ್ತರಲ್ಲೊಂದು ಭಾಗ ಪುಡಿಗಳು. ಹುದುಗು ಹಿಡಿಸಲು ಧಾತಕೀ ಹೂವು. ಕಷಾಯ ಬಿಸಿಯಿದ್ದಾಗಲೇ ಹೂವು ಹಾಕಿದರೆ ಹುದುಗು ಸಾಯುತ್ತದೆ, ಗಾಳಿ ಹೊಕ್ಕರೆ ವಿನಿಗರ್ ಆಗುತ್ತದೆ. ಪಾತ್ರೆಗೆ ಕಿವಿಗೊಟ್ಟರೆ ಬುಸುಬುಸು ಸದ್ದು ನಿಂತಿರಬೇಕು, ಒಳಗೆ ಹಿಡಿದ ದೀಪದ ಕಡ್ಡಿ ಆರಬಾರದು, ಆಗ ಹುದುಗು ಮುಗಿದಂತೆ.

ಬೆಲ್ಲದ ಲೆಕ್ಕ ನೋಡಿದಿರಲ್ಲ. ಸಕ್ಕರೆ ಕಾಯಿಲೆಯವರು, ಪಿತ್ತಜನಕಾಂಗದ ತೊಂದರೆಯಿರುವವರು, ಗರ್ಭಿಣಿಯರು, ಕುಡಿತ ಬಿಟ್ಟವರು ವೈದ್ಯರಿಗೆ ತಿಳಿಸದೆ ಅರಿಷ್ಟ ಕುಡಿಯಬೇಡಿ. ಅದೇ ಗುಣದ ಕಷಾಯವೋ ಮಾತ್ರೆಯೋ ಬಹಳ ಸಲ ಇದ್ದೇ ಇರುತ್ತದೆ.

ಕೇರಳದ ವೈದ್ಯರು ಬರೆದ ಗಿಡಮೂಲಿಕೆ ಇಲ್ಲಿನ ಅಂಗಡಿಯಲ್ಲಿ ಕೇಳಿದರೆ ಬೇರೇನೋ ಕೊಡುತ್ತಾರೆ. ಯಾವುದು ಸರಿ?
(ಶಿರಸಿಯ ಓದುಗರು)

ಇಬ್ಬರೂ ತಮ್ಮ ಪ್ರದೇಶದ ರೂಢಿಯಂತೆ ಸರಿ, ತೊಂದರೆ ನಿಮಗೆ. ಸಂಸ್ಕೃತದ ಒಂದೇ ಹೆಸರು ಬೇರೆ ಬೇರೆ ಕಡೆ ಬೇರೆ ಗಿಡಗಳಿಗೆ ಅಂಟಿಕೊಂಡಿದೆ. ಶಂಖಪುಷ್ಪಿ ಅಂದರೆ ಕೇರಳದಲ್ಲಿ ಶಂಖಪುಷ್ಪದ ಬಳ್ಳಿ, ಉತ್ತರದಲ್ಲಿ ನೆಲಕ್ಕೆ ಹಬ್ಬುವ ಬೇರೊಂದು ಸಣ್ಣ ಗಿಡ. ರಾಸ್ನಾ ಅಂದರೆ ದಕ್ಷಿಣದಲ್ಲಿ ಶುಂಠಿಯ ಜಾತಿಯ ಗೆಡ್ಡೆ, ಉತ್ತರದಲ್ಲಿ ಎಲೆಯ ಗಿಡ. ಬಲಾ ಅಂದರೆ ಕೇರಳದಲ್ಲಿ ‘ಕುರುಂದೋಟಿ’, ಉಳಿದೆಡೆ ಅದರ ದಾಯಾದಿ ಗಿಡ. ನಮ್ಮಲ್ಲೂ ಕಡಿಮೆಯಿಲ್ಲ: ಒಂದೆಲಗವನ್ನೇ ಬ್ರಾಹ್ಮಿ ಎನ್ನುವ ಮನೆಗಳು ಎಷ್ಟೋ, ಗ್ರಂಥದ ಬ್ರಾಹ್ಮಿ ನೀರಿನಂಚಿನಲ್ಲಿ ಬೆಳೆಯುವ ನೀರುಬ್ರಾಹ್ಮಿ.

ಈ ಗೊಂದಲ ಬಿಡಿಸುವುದಕ್ಕೆ ಒಂದು ದೊಡ್ಡ ಕೆಲಸ ಕೋಟ್ಟಕ್ಕಲ್‌ನಿಂದ ಬಂತು. ಪಿ.ಕೆ. ವಾರಿಯರ್ ಇತರ ಇಬ್ಬರೊಡನೆ ಸಂಪಾದಿಸಿದ, 500 ಔಷಧಿ ಸಸ್ಯಗಳ ಐದು ಸಂಪುಟಗಳು 1990ರ ದಶಕದಲ್ಲಿ ಇಂಗ್ಲಿಷಿನಲ್ಲಿ ಹೊರಬಂದವು. ಸಸ್ಯಶಾಸ್ತ್ರದ ಹೆಸರಿನ ಜೊತೆಗೆ ಸಂಸ್ಕೃತ ಹಾಗೂ ದೇಶಭಾಷೆಗಳ ಹೆಸರುಗಳನ್ನು ಕೊಟ್ಟಿರುವುದು ಅದರ ದೊಡ್ಡ ಉಪಕಾರ, ಕನ್ನಡದ ಹೆಸರುಗಳೂ ಅದರಲ್ಲಿವೆ. ನೀವು ಮಾಡಬೇಕಾದದ್ದು ಇಷ್ಟು: ಚೀಟಿಯಲ್ಲಿ ಸಸ್ಯಶಾಸ್ತ್ರದ ಹೆಸರು ಬರೆಸಿಕೊಳ್ಳಿ, ಬೇರೋ ಎಲೆಯೋ ತೊಗಟೆಯೋ ಎಂದೂ ಬರೆಸಿ. ಒಂದು ಗಿಡದ ಬದಲು ಇನ್ನೊಂದನ್ನು ಅಂಗಡಿಯವರ ಮಾತಿನ ಮೇಲೆ ಒಯ್ಯಬೇಡಿ.

ನವರಕಿಳಿ ಮನೆಯಲ್ಲಿ ಮಾಡಬಹುದೇ? ತಂದೆಗೆ ಪಾರ್ಶ್ವವಾಯುವಿನ ನಂತರ ಕೈ ಸೊರಗಿದೆ.
(ಕುಂದಾಪುರದ ಓದುಗರು)

ನವರಕಿಳಿ ಅಂದರೆ ನವರ ಅಕ್ಕಿಯ ಅನ್ನದ ಬಿಸಿ ಗಂಟುಗಳಿಂದ ಮೈ ಉಜ್ಜುವ ಚಿಕಿತ್ಸೆ. ವೈದ್ಯರು ನೋಡಿ, ಇದು ಆಗಬಹುದೆಂದು ಹೇಳಿದ ಮೇಲೆ, ಮಾಡಿ ಗೊತ್ತಿರುವ ಇಬ್ಬರ ಕೈಯಲ್ಲಿ ಆಗಬೇಕಾದ ಕೆಲಸ. ಜ್ವರ, ಅಜೀರ್ಣ, ಮೈ ಜಡ್ಡುಗಟ್ಟಿದಂತಿರುವಾಗ ಸಲ್ಲದು. ಆದರೂ ಏನು ನಡೆಯುತ್ತದೆಂದು ತಿಳಿದಿದ್ದರೆ ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನೀವೇ ನೋಡಬಹುದು.

ಒಂದು ದಿನಕ್ಕೆ 750 ಗ್ರಾಂ ಬಲಾ ಬೇರನ್ನು ಜಜ್ಜಿ 12 ಲೀಟರ್ ನೀರಿನಲ್ಲಿ 3 ಲೀಟರ್ ಉಳಿಯುವವರೆಗೆ ಕುದಿಸುತ್ತಾರೆ. 3 ಲೀಟರ್ ಹಾಲು ಬೇಕು. ಕಷಾಯದ ಅರ್ಧ, ಹಾಲಿನ ಅರ್ಧ ಸೇರಿಸಿ ಅದರಲ್ಲಿ 500 ಗ್ರಾಂ ನವರ ಅಕ್ಕಿಯನ್ನು ಪಾಯಸದ ಹದಕ್ಕಿಂತ ಗಟ್ಟಿಯಾಗಿ ಬೇಯಿಸುವುದು. ನವರ ಅಂದರೆ ಅರವತ್ತು ದಿನಕ್ಕೆ ಕೊಯ್ಲಿಗೆ ಬರುವ ಷಷ್ಟಿಕ ಶಾಲಿ. ಅನ್ನವನ್ನು 45 ಸೆಂಟಿಮೀಟರ್ ಚೌಕದ ಹತ್ತಿಬಟ್ಟೆಯ ಎಂಟು ತುಂಡುಗಳಲ್ಲಿ ಗಂಟು ಕಟ್ಟುತ್ತಾರೆ. ಉಳಿದ ಕಷಾಯ, ಹಾಲುಗಳ ಮಿಶ್ರಣ ಸಣ್ಣ ಉರಿಯ ಮೇಲಿರುತ್ತದೆ, ಗಂಟುಗಳನ್ನು ಅದರಲ್ಲಿ ಅದ್ದಿ ಅದ್ದಿ, ಎಣ್ಣೆ ಹಚ್ಚಿದ ಮೈಮೇಲೆ ಉಜ್ಜುತ್ತಾರೆ. ನಾಲ್ಕು ಗಂಟು ಮೈಮೇಲಿರುವಾಗ ನಾಲ್ಕು ಕಾಯುತ್ತಿರುತ್ತವೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಆಮೇಲೆ ಅಂಟಿದ ಅನ್ನವನ್ನು ತೆಗೆದು ಮತ್ತೆ ಎಣ್ಣೆ ಹಚ್ಚಿ, ಬಿಸಿನೀರಿನ ಸ್ನಾನ.

ಅನ್ನ ತೆಳುವಾದರೆ ಗಂಟಿನಿಂದ ಸೋರಿಹೋಗಿ ಬರಿ ಬಟ್ಟೆ ಉಳಿಯುತ್ತದೆ. ಗಟ್ಟಿಯಾದರೆ ಬಟ್ಟೆಯಿಂದ ಹೊರಬರುವುದೇ ಇಲ್ಲ. ಬಿಸಿಯನ್ನು ಉಜ್ಜುವವರು ಪ್ರತಿ ಸಲವೂ ತಮ್ಮ ಅಂಗೈ ಹಿಂಬದಿಗೆ ಮುಟ್ಟಿಸಿ ನೋಡಬೇಕು. ಇದು ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೂ ಮುಖ್ಯ. ಪಾರ್ಶ್ವವಾಯುವಾದ ಕೈಗೆ ಸ್ಪರ್ಶ ಕುಂದಿದ್ದರೆ ಸುಟ್ಟರೂ ಅವರಿಗೆ ತಿಳಿಯದು. ಹೊರಗಿನ ಗಾಳಿ ಬಡಿಯುವ ಜಗಲಿಯಲ್ಲಿ ಮಾಡಬೇಡಿ. 7, 14 ಅಥವಾ 21 ದಿನದ ಲೆಕ್ಕ ವೈದ್ಯರದು. ಫಿಸಿಯೋಥೆರಪಿ, ರಕ್ತದೊತ್ತಡದ ಮಾತ್ರೆಗಳನ್ನು ಇದಕ್ಕಾಗಿ ನಿಲ್ಲಿಸಬಾರದು.

ಕೋಟ್ಟಕ್ಕಲ್‌ನವರು ಇಂಗ್ಲಿಷ್ ವೈದ್ಯಕ್ಕೆ ವಿರೋಧವಿದ್ದರೇ?
(ಬಳ್ಳಾರಿಯ ಓದುಗರು)

ಇರಲಿಲ್ಲ. ಪಿ.ಎಸ್. ವಾರಿಯರ್ ಕಣ್ಣಿನ ಕಾಯಿಲೆಗೆಂದು ಮಂಜೇರಿಯ ಆಸ್ಪತ್ರೆಗೆ ಹೋಗಿ, ಗುಣವಾದ ಮೇಲೆ ಅಲ್ಲಿನ ವೈದ್ಯರ ಬಳಿಯೇ ಪಾಶ್ಚಾತ್ಯ ವೈದ್ಯ ಕಲಿತವರು. 1917ರಲ್ಲಿ ಅವರು ಕೋಝಿಕ್ಕೋಡಿನಲ್ಲಿ ತೆರೆದ, 1924ರಲ್ಲಿ ಕೋಟ್ಟಕ್ಕಲ್‌ಗೆ ಬಂದ ಪಾಠಶಾಲೆಯಲ್ಲಿ ಶರೀರರಚನೆಯ ಪಾಠಕ್ಕೆ ಸಂಸ್ಕೃತದ ಪುಸ್ತಕ ಬೇಕೆನಿಸಿತು. ಆಯುರ್ವೇದದ ಹಳೆಯ ಸಂಸ್ಕೃತ ಗ್ರಂಥ ಅಷ್ಟಾಂಗಹೃದಯ ಓದಿದ ವಿದ್ಯಾರ್ಥಿಗೆ ಶವಚ್ಛೇದದಿಂದ ತಿಳಿದ ಸಂಗತಿಯನ್ನು ಅವನದೇ ಭಾಷೆಯಲ್ಲಿ ಹೇಳಬೇಕೆಂದು ‘ಅಷ್ಟಾಂಗಶಾರೀರಂ’ ಬರೆದರು, 1925ರಲ್ಲಿ ಪ್ರಕಟವಾಯಿತು. ಅದಕ್ಕೂ ಹಿಂದೆ, 1903ರಿಂದ, ‘ಧನ್ವಂತರಿ’ ಎಂಬ ಮಲಯಾಳ ಪತ್ರಿಕೆ ನಡೆಸಿದ್ದರು. ಸ್ನಾಯು, ನರ, ಅಂಗಗಳ ವಿಷಯದಲ್ಲಿ ಹಳೆಯ ಗ್ರಂಥ ಹೇಳದೆ ಬಿಟ್ಟದ್ದನ್ನು ಒಪ್ಪಿಕೊಂಡು ತುಂಬಿಸುವ ಈ ಧೈರ್ಯ ನಮಗೆ ಅವರ ಬದುಕಿನಲ್ಲೇ ಅತಿ ಮೆಚ್ಚುಗೆಯದು.

ಅಲ್ಲಿ ಕಥಕ್ಕಳಿ ತಂಡವೂ ಇದೆಯಂತೆ?
(ಉಡುಪಿಯ ಓದುಗರು)

ಇದೆ, ಪಿ.ಎಸ್.ವಿ. ನಾಟ್ಯಸಂಘ. ಸಂಸ್ಥಾಪಕರು ಮೊದಲು ನಾಟಕ ಕಂಪನಿ ನಡೆಸಿದ್ದರು, 1939ರಲ್ಲಿ ಅದು ಕಥಕ್ಕಳಿಗೆ ತಿರುಗಿತು. ಅವರ ಮನೆ ಕೈಲಾಸಮಂದಿರದಲ್ಲಿ ಓಂ, ಶಿಲುಬೆ, ಅರ್ಧಚಂದ್ರ ಮೂರನ್ನೂ ಒಟ್ಟಿಗೆ ಕೆತ್ತಿಸಿದ್ದು ಈಗಲೂ ಕಾಣುತ್ತದೆ.

ತಲೆಗೆ ಹಚ್ಚುವ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಯಿತು, ತಳದಲ್ಲಿ ಗಸಿಯೂ ಇದೆ. ಕೆಟ್ಟಿದೆಯೇ?
(ಮೂಡಿಗೆರೆಯ ಓದುಗರು)

ಲೇಬಲ್ ಮೇಲೆ ‘ಕೇರತೈಲ’ ಎಂದಿದ್ದರೆ ಅದು ಕೊಬ್ಬರಿಯೆಣ್ಣೆಯ ಮೂಲದ್ದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದು ಸಹಜ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕರಗಿಸಿ. ನೇರ ಒಲೆಯ ಮೇಲೆ ಇಡಬೇಡಿ, ಪಾಕ ಮೀರುತ್ತದೆ, ಬಾಟಲಿ ಒಡೆಯಲೂಬಹುದು. ದಿನಾ ಪೂರ್ತಿ ಬಾಟಲಿ ಕರಗಿಸುವ ಬದಲು ವಾರಕ್ಕೆ ಬೇಕಾದಷ್ಟನ್ನು ಒಣಗಿದ ಚಮಚದಲ್ಲಿ ಸಣ್ಣ ಸೀಸೆಗೆ ತೆಗೆದಿಟ್ಟುಕೊಳ್ಳಿ. ತಳದ ಸಣ್ಣ ಗಸಿ ಕಲ್ಕದ್ದು, ಅದರಿಂದ ತೊಂದರೆಯಿಲ್ಲ. ಹಳೆಯ ಕೊಬ್ಬರಿಯ ಕಮಟು ವಾಸನೆ, ಮೇಲೆ ಬೂಷ್ಟು, ಕರಗಿಸಿದಾಗ ತಳದಲ್ಲಿ ನೀರಿನ ಹನಿಗಳು ಇವುಗಳಲ್ಲಿ ಯಾವುದಾದರೊಂದು ಕಂಡರೆ, ಲೇಬಲ್ ಮೇಲಿನ ದಿನಾಂಕ ಮುಗಿಯದಿದ್ದರೂ ಚೆಲ್ಲಿಬಿಡಿ. ನೀರಿನ ಹನಿ ಬಂದದ್ದು ಬಹುಶಃ ಒದ್ದೆ ಕೈಯಿಂದ. ಮುಂದಿನ ಬಾಟಲಿಗೆ ಬೆರಳು ಅದ್ದಬೇಡಿ.